ಬಿಳಿ ಬಟ್ಟೆ, ಕಪ್ಪು ಮುಖ

ಶಾಲೆ ಶುರುವಾದ ಕೂಡಲೇ ನಮ್ಮಂಥ ಮಾಸ್ತರರಿಗೆ ಒಂದು ಕೆಲಸ ಗಂಟು ಬೀಳುತ್ತದೆ. ಮಕ್ಕಳ ಫೋಟೋ ಕೂಡಿಸುವುದು! ಗುರುತಿನ ಚೀಟಿಗೆ ಒಂದು, ಅರ್ಜಿಗೆ ಒಂದು, ಫೈಲಿಗೆ ಒಂದು. ಹಿಂದೆ ಮಾತ್ರ ಬಿಳಿ ಇರಬೇಕು. ನಮ್ಮ ಮಕ್ಕಳ ಮನೆಯವರು ಹೆಚ್ಚಿನವರು ಮಗ್ಗದ ಮೇಲೆ ದುಡಿಯುವವರು. ಸ್ಟುಡಿಯೋಗೆ ಹೋಗಬೇಕೆಂದರೆ ಫೋಟೋದ ರೊಕ್ಕದ ಜೊತೆ ಒಂದು ಪಾಳಿಯ ಕೂಲಿಯೂ ಹೋಗುತ್ತದೆ. ಹೀಗಾಗಿ ಕಳೆದ ಜೂನ್‌ನಲ್ಲಿ ಪಾಲಕರ ಸಭೆಯಲ್ಲಿ, "ನಾನ ತೆಗೀತೀನಿ ಬಿಡ್ರಿ, ಐತವಾರ ಹುಡುಗೂರ್ನ ಮನೀಗೆ ಕಳಸ್ರಿ" ಅಂದುಬಿಟ್ಟೆ. ಕೈಯಲ್ಲಿ ಮೊಬೈಲ್ ಇದೆ, ಇನ್ನು ಇಚಲಕರಂಜಿಯಲ್ಲಿ ಬಿಳಿ ಬಟ್ಟೆಗೆ ಬರವೇ?

ಬರವೇನೂ ಇಲ್ಲ. ೧೯೦೪ರಲ್ಲಿ ವಿಠ್ಠಲರಾವ್ ದಾತಾರ ಇಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದಾಗಿನಿಂದ ಇದು ಬಟ್ಟೆಯದೇ ಊರು. ಪಕ್ಕದ ಮನೆಯವರು ಮಗ್ಗದಿಂದ ಆಗಷ್ಟೇ ಇಳಿಸಿದ ಬಟ್ಟೆಯಲ್ಲಿ ನಾಲ್ಕು ಮೀಟರ್ ಕೊಟ್ಟರು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಫೋಟೋ ತೆಗೆದೆ. ಹಿಂದಿನದೆಲ್ಲ ಮಾಸಲು ಹಳದಿ! ಆಮೇಲೆ ತಲೆಗೆ ಹೊಳೆಯಿತು. ಮಗ್ಗದಿಂದ ಇಳಿದ ಬಟ್ಟೆಗೆ ನಮ್ಮಲ್ಲಿ 'ಗ್ರೇ' ಅನ್ನುತ್ತಾರೆ. ಹತ್ತಿಯ ಸಹಜ ಬಣ್ಣ, ನೂಲಿಗೆ ಹಾಕಿದ ಗಂಜಿ ಎರಡೂ ಅದರಲ್ಲೇ ಇರುತ್ತವೆ. ಗಂಜಿ ತೆಗೆದು, ಕಾಸ್ಟಿಕ್ ಹಾಕಿ ಕುದಿಸಿ, ಬ್ಲೀಚ್ ಮಾಡಿದ ಮೇಲೆಯೇ ಅದು ಬಿಳಿ. ಇಷ್ಟು ವರ್ಷ ಈ ಊರಲ್ಲಿದ್ದೂ ನನಗೆ ಅದು ನೆನಪಾಗಲಿಲ್ಲ ನೋಡಿ. ಕಡೆಗೆ ಬ್ಲೀಚ್ ಆದ ಪಾಪ್ಲಿನ್ ತಂದು, ಇಸ್ತ್ರಿ ಮಾಡಿ, ಎರಡು ಪದರ ಕಟ್ಟಿದೆ. ಒಂದೇ ಪದರ ಇದ್ದರೆ ನಮ್ಮ ಮನೆಯ ಹಸಿರು ಗೋಡೆ ಇಣುಕುತ್ತಿತ್ತು.

ಈಗ ಬಟ್ಟೆ ಹಾಲಿನಂತೆ ಬಿಳಿ. ಆದರೆ ಫೋಟೋದಲ್ಲಿ ಬೂದು! ಜೊತೆಗೆ ಮಕ್ಕಳ ಮುಖಗಳು ಕಪ್ಪು.

ಐದನೇ ಇಯತ್ತೆಯ ಒಬ್ಬ ಹುಡುಗ. ಎಣ್ಣೆಗಪ್ಪು ಬಣ್ಣ, ಚುರುಕು ಕಣ್ಣು. ಅವನ ಫೋಟೋದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನೇನು ಮಾಡಿದೆ? ಮೊಬೈಲ್‌ನಲ್ಲಿ ಮುಖ ಚೆಂದ ಮಾಡುವ ಒಂದು ಗುಂಡಿ ಇರುತ್ತದಲ್ಲ, ಅದನ್ನು ಒತ್ತಿದೆ. ಮುಖ ಬೆಳ್ಳಗಾಯಿತು. ಹುಡುಗನಿಗೆ ಉಪಕಾರ ಮಾಡಿದೆ ಅಂದುಕೊಂಡು ಪ್ರಿಂಟ್ ಹಾಕಿಸಿ ತರಗತಿಯಲ್ಲಿ ಹಂಚಿದೆ. ಉಳಿದ ಮಕ್ಕಳು ಅದನ್ನು ಕಸಿದುಕೊಂಡು ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಊಟದ ಬಿಡುವಿನಲ್ಲಿ ನನ್ನ ಟೇಬಲ್ ಹತ್ತಿರ ಬಂದ.

"ಸರ್, ಇದು ನಾ ಅಲ್ರಿ."

"ನೀನ ಅದೀಯಲ್ಲೋ."

"ಕರ್ರಗಿದ್ರ ಫಾರ್ಮಿಗೆ ನಡ್ಯಂಗಿಲ್ಲೇನ್ರಿ?"

ನನಗೆ ಮಾತೇ ಹೊರಡಲಿಲ್ಲ. ಅವನ ಮುಖದಲ್ಲಿ ಏನೋ ತಪ್ಪಿದೆ, ಅದನ್ನು ಸರಿಮಾಡಬೇಕು ಎಂದು ನಾನೇ ಹೇಳಿದಂತಾಗಿತ್ತು. ಅದೂ ಇಡೀ ತರಗತಿಯ ಮುಂದೆ. ಫೋಟೋ ವಾಪಸ್ ತಗೊಂಡು, "ಮುಂದಿನ ಐತವಾರ ಮತ್ತ ಬಾ" ಅಂದೆ. ಆ ವಾರ ಪೂರ್ತಿ ನಾನು ವಿದ್ಯಾರ್ಥಿಯಾದೆ.

ಕಲಿತದ್ದು ಇಷ್ಟು. ಕ್ಯಾಮೆರಾಕ್ಕೆ ತನ್ನ ಮುಂದಿರುವುದು ಬಿಳಿಯೋ ಕಪ್ಪೋ ತಿಳಿಯದು. ಜಗತ್ತೆಲ್ಲ ಸರಾಸರಿ ಬೂದು ಬಣ್ಣದ್ದು ಎಂದು ನಂಬಿ, ಬಿದ್ದ ಬೆಳಕಿನಲ್ಲಿ ಸುಮಾರು ಶೇ. ೧೮ರಷ್ಟನ್ನು ಹಿಂದಿರುಗಿಸುವ ಬೂದನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕುತ್ತದೆ. ಮುಕ್ಕಾಲು ಚಿತ್ರ ಬಿಳಿ ಬಟ್ಟೆಯೇ ಇದ್ದರೆ, "ಬೆಳಕು ಹೆಚ್ಚಾಯಿತು" ಎಂದು ಎಲ್ಲವನ್ನೂ ಕತ್ತಲು ಮಾಡುತ್ತದೆ. ಬಟ್ಟೆ ಬೂದಾಗುತ್ತದೆ, ಮುಖ ಮಸಿಯಾಗುತ್ತದೆ. ಹುಡುಗನ ಬಣ್ಣದ ತಪ್ಪು ಏನೂ ಇಲ್ಲ, ಲೆಕ್ಕದ ತಪ್ಪು. ಇದಕ್ಕೊಂದು ಇತಿಹಾಸವೂ ಇದೆ. ಫಿಲ್ಮ್ ಕಾಲದಲ್ಲಿ ಬಣ್ಣ ಸರಿಯಾಗಿದೆಯೇ ಎಂದು ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ 'ಶರ್ಲಿ ಕಾರ್ಡ್' ಎಂಬ ಚಿತ್ರ ಕೊಡುತ್ತಿತ್ತು. ಅದರಲ್ಲಿ ಇರುತ್ತಿದ್ದವಳು ಒಬ್ಬ ಬಿಳಿಯ ಹೆಂಗಸು. ಅವಳ ಚರ್ಮ ಸರಿ ಬಂದರೆ ಎಲ್ಲರದೂ ಸರಿ ಎಂಬ ಎಣಿಕೆ! ಅದು ಬದಲಾಗಲು ದಶಕಗಳೇ ಹಿಡಿದವು.

ಇನ್ನು ಮನೆಯಲ್ಲಿ ಮಾಡುವ ವಿಧಾನ. ಬಟ್ಟೆಗೆ ಬೇರೆ ಬೆಳಕು, ಮುಖಕ್ಕೆ ಬೇರೆ ಬೆಳಕು, ಇದೇ ಇದರ ಗುಟ್ಟು. ಮಗುವನ್ನು ಬಟ್ಟೆಗೆ ಅಂಟಿಸಿ ನಿಲ್ಲಿಸಬೇಡಿ. ಐದಾರು ಅಡಿ ಮುಂದೆ ಕೂರಿಸಿ, ನೆರಳು ಬಟ್ಟೆಯ ಮೇಲೆ ಬೀಳುವುದಿಲ್ಲ. ನಮ್ಮ ಕೋಣೆ ಚಿಕ್ಕದು, ನಾನು ಬಾಗಿಲಾಚೆ ಕಟ್ಟೆಯ ಮೇಲೆ ನಿಂತು ತೆಗೆದೆ. ಬಟ್ಟೆಯ ಎರಡೂ ಬದಿಗೆ, ಚಿತ್ರದಲ್ಲಿ ಕಾಣದಂತೆ, ೨೦ ವ್ಯಾಟ್‌ನ ಒಂದೊಂದು ಎಲ್‌ಇಡಿ ಟ್ಯೂಬ್ ನಿಲ್ಲಿಸಿದೆ. ಮುಖಕ್ಕೆ ಕಿಟಕಿಯ ಬೆಳಕು, ಆಚೆ ಕೆನ್ನೆಗೆ ಒಂದು ಥರ್ಮೋಕೋಲ್ ಹಲಗೆ. ಮುಖಕ್ಕಿಂತ ಬಟ್ಟೆಗೆ ಸುಮಾರು ಎರಡು ಪಟ್ಟು ಬೆಳಕು ಇದ್ದರೆ ಸಾಕು. ಅದಕ್ಕಿಂತ ಬಹಳವಾದರೆ ಬಿಳುಪು ಸುತ್ತಿ ಬಂದು ಕಿವಿ, ಕೂದಲಿನ ಅಂಚನ್ನೇ ತಿಂದುಬಿಡುತ್ತದೆ. ಟ್ಯೂಬ್ ಕೂಡ ಹಗಲು ಬೆಳಕಿನ ಬಣ್ಣದ್ದೇ ಇರಲಿ, ಹಳದಿ ಬಲ್ಬ್ ಬೇಡ. ಚಿತ್ರದಲ್ಲಿ ಅಡ್ಡ ಪಟ್ಟೆ ಬಂದರೆ ಗಾಬರಿಯಾಗಬೇಡಿ. ನಮ್ಮ ಕರೆಂಟಿನಲ್ಲಿ ಅಗ್ಗದ ಟ್ಯೂಬ್ ಸೆಕೆಂಡಿಗೆ ೧೦೦ ಸಲ ಮಿನುಗುತ್ತದೆ. ಶಟರ್ ವೇಗ ೧/೫೦ ಅಥವಾ ೧/೧೦೦ ಇಟ್ಟರೆ ಪಟ್ಟೆ ಹೋಗುತ್ತದೆ.

ಮೊಬೈಲ್ ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿ. ಆಗ ಅದು ಬಟ್ಟೆ ಬಿಟ್ಟು ಮುಖದ ಲೆಕ್ಕ ಹಿಡಿಯುತ್ತದೆ. ಆದರೆ ಕಪ್ಪು ಮುಖವನ್ನೂ ಅದು ಸರಾಸರಿ ಬೂದಿಗೆ ಎಳೆಯಲು ನೋಡುತ್ತದೆ. ಸೂರ್ಯನ ಗುರುತನ್ನು ತುಸು ಕೆಳಗೆ ಸರಿಸಿ. ಕಪ್ಪು ಚರ್ಮದ ಚೆಲುವು ಇರುವುದು ಹೊಳಪಿನಲ್ಲಿ. ಬದಿಯಿಂದ ಕಿಟಕಿಯ ಅಗಲವಾದ ಬೆಳಕು ಬಿದ್ದರೆ ಕೆನ್ನೆಯ ಮೂಳೆ, ಮೂಗಿನ ಏಣು, ಹಣೆ ಎಲ್ಲ ತಾವಾಗಿಯೇ ಎದ್ದು ಕಾಣುತ್ತವೆ.

ಲೈಟು ಇಲ್ಲದಿದ್ದರೂ ನಡೆಯುತ್ತದೆ. ರಿಚರ್ಡ್ ಅವೆಡಾನ್ ಎಂಬ ಅಮೆರಿಕದ ಛಾಯಾಗ್ರಾಹಕ ೧೯೭೯ರಿಂದ ೧೯೮೪ರವರೆಗೆ ಅಲ್ಲಿನ ಪಶ್ಚಿಮ ಪ್ರಾಂತ್ಯಗಳನ್ನು ಸುತ್ತಿ ಗಣಿ ಕಾರ್ಮಿಕರು, ಊರೂರು ಅಲೆಯುವವರು, ಇಂಥವರ ಚಿತ್ರ ತೆಗೆದ. ಹೊರಗೆ ನೆರಳಿನಲ್ಲಿ ಒಂದು ಬಿಳಿ ಕಾಗದ, ಅದರ ಮುಂದೆ ಮನುಷ್ಯ, ಬರೀ ಹಗಲು ಬೆಳಕು. ೧೯೮೫ರಲ್ಲಿ ಅದು ಪುಸ್ತಕವಾಯಿತು. ಹಿಂದೆ ಮನೆ ಇಲ್ಲ, ಗಣಿ ಇಲ್ಲ. ನೋಡುವವರು ಮುಖವನ್ನೇ ನೋಡಬೇಕು. ಆ ಚಿತ್ರಗಳನ್ನು ನೋಡಿದ ಮೇಲೆ ಬಿಳಿ ಹಿನ್ನೆಲೆ ಬರೀ ಸರಕಾರಿ ಷರತ್ತು ಅನ್ನಿಸಲಿಲ್ಲ ನನಗೆ.

ಐತವಾರ ಹುಡುಗ ಬಂದ, ಜೊತೆಗೆ ಅವನ ಅವ್ವನೂ ಬಂದಳು. ಮೊದಲ ಫೋಟೋದ ಕಥೆ ಅವಳಿಗೆ ಗೊತ್ತಿತ್ತು. ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ, "ತಪ್ಪು ನಂದಪಾ, ನಿನ್ನ ಮಾರಿದಲ್ಲ" ಅಂದೆ. ಅವನು ನಾಚಿ ನಕ್ಕ. ಆ ನಗುವಿನ ಕೊನೆಯಲ್ಲಿ ಒತ್ತಿದೆ. ಹಿಂದೆ ಅಚ್ಚ ಬಿಳಿ, ಮುಂದೆ ಅಚ್ಚ ಕಪ್ಪು ಹುಡುಗ, ಕೆನ್ನೆಯ ಮೇಲೆ ಕಿಟಕಿಯ ಬೆಳಕು. ತಾಯಿ ಮೊಬೈಲ್ ಇಸಿದುಕೊಂಡು ಬಹಳ ಹೊತ್ತು ನೋಡಿದಳು. "ಥೇಟ್ ಅವರಪ್ಪನ ಗತೆ ಬಂದಾನ ನೋಡ್ರಿ ಗುರೂಜಿ. ಇದನ್ನ ಒಂದು ದೊಡ್ಡದು ಮಾಡಿ ಕೊಡ್ರಿ."

ತರಗತಿಯಲ್ಲಿ ನಾವೂ ಕ್ಯಾಮೆರಾದಂತೆಯೇ ಸರಾಸರಿ ಲೆಕ್ಕ ಹಾಕುತ್ತೇವಲ್ಲ, ಅನ್ನಿಸಿತು. ಸರಾಸರಿಗೆ ಹೊಂದದ ಮಗು ಕತ್ತಲೆಯಲ್ಲಿ ಉಳಿದರೆ ಮಗುವಿನದೇ ತಪ್ಪು ಅನ್ನುತ್ತೇವೆ. ಬೆಳಕು ಸರಿಸಿ ನೋಡುವುದು ತಡವಾಗಿ ಹೊಳೆಯುತ್ತದೆ.

ಪಾಪ್ಲಿನ್ ಬಟ್ಟೆಯನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಸುತ್ತಲಿನ ಕನ್ನಡ ಶಾಲೆಯ ಮಾಸ್ತರರು, ಬಾಯಾರು ಬೇಕಾದರೆ ಒಯ್ಯಿರಿ. ಇಸ್ತ್ರಿ ಮಾತ್ರ ನೀವೇ ಮಾಡಿಕೊಳ್ಳಬೇಕು!