ಕೆಪ್ಪ ಜೋಗದ ದಾರಿಯಲ್ಲಿ

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಲ್ಲಿ ಇರುಳನ್ನು ವ್ಯಾನಿನಲ್ಲಿಯೇ ಕಳೆದು, ಬೆಳಗಾಗುತ್ತಲೇ ನಾವೊಬ್ಬರೇ ಉಂಚಳ್ಳಿ ಜಲಪಾತದತ್ತ ನಡೆದೆವು. ಶ್ರಾವಣದ ಜಿನುಗುಮಳೆ, ಕೊಡೆಗಿಂತಲೂ ಉಂಬಳಗಳಿಗೆಂದು ಒಯ್ದ ಸುಣ್ಣವೇ ಹೆಚ್ಚು ಒದಗಿತು.

ನೀರು ಕಾಣುವ ಮೊದಲೇ ಸದ್ದು ಕೇಳಿಸುತ್ತದೆ. ಬಳಿಯಲ್ಲಿ ನಿಂತರೆ ಪಕ್ಕದವರ ಮಾತೂ ಕಿವಿಗೆ ಬೀಳದು; ಸುತ್ತಣ ಜನ ಇದನ್ನು ಕೆಪ್ಪ ಜೋಗವೆಂದದ್ದು ಅದಕ್ಕೇ. 1845ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್ನನ ಹೆಸರೂ ಇದಕ್ಕುಂಟು. ಊರವರಿಟ್ಟ ಹೆಸರೇ ನಮಗೆ ಒಪ್ಪಿಗೆ. ಮೆಟ್ಟಿಲಿಳಿದು ನಿಂತಾಗ ಕಣಿವೆಯನ್ನೆಲ್ಲ ಮಂಜು ಮುಚ್ಚಿತ್ತು. ಅರ್ಧ ತಾಸು ಕಾದೆವು. ಮಂಜು ಸರಿಯಿತು, ಮೇಲೆ ಕೆಂಪಗೆ ಹರಿದುಬಂದ ಅಘನಾಶಿನಿ 116 ಮೀಟರ್ ಧುಮುಕುವಷ್ಟರಲ್ಲಿ ಬೆಳ್ಳಗಾಗಿದ್ದಳು.

ಶರಾವತಿಯ ಜೋಗದ ಗಾಂಭೀರ್ಯ ಬೇರೆಯೇ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾದ ಬಳಿಕ ಅಲ್ಲಿಯ ಧಾರೆ ಬಹುಮಟ್ಟಿಗೆ ಅಣೆಕಟ್ಟಿನ ಬಾಗಿಲು ತೆರೆಯುವವರ ಕೈಯಲ್ಲಿದೆ. ನಾಡಿಗೆ ಬೆಳಕು ಕೊಟ್ಟ ನೀರದು, ನಿಂದಿಸಲಾರೆವು. ಅಘನಾಶಿನಿಗೆ ಮಾತ್ರ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಳೆ ತಡೆಯಿಲ್ಲದೆ ಕುಮಟಾ ಬಳಿ ಕಡಲನ್ನು ಮುಟ್ಟುತ್ತದೆ. ಈ ಸಿಹಿನೀರು ಉಪ್ಪನ್ನು ತಗ್ಗಿಸುವುದರಿಂದಲೇ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಚಿಪ್ಪು ಆಯುವವರ ಒಲೆ ಉರಿಯುತ್ತದೆ. ಬಯಲುಸೀಮೆಯವರಾದ ನಮಗೆ ನೀರಿನ ಬೆಲೆ ತಿಳಿಯದ್ದಲ್ಲ. ಆದರೂ ಈ ಹೊಳೆಯನ್ನು ನಮ್ಮತ್ತ ತಿರುಗಿಸುವ ಮಾತಿಗೆ ಹೂಂಗುಟ್ಟಲು ಅಂದು ಮನಸ್ಸಾಗಲಿಲ್ಲ.