ಮಗ್ಗ ನಿಂತಾಗ

ನಮ್ಮ ಆಪಾಳ ಮಗ ಉಪಗ್ರಹಗಳ ಕೆಲಸದಲ್ಲಿದ್ದಾನೆ ಎಂದರೆ ದೊಡ್ಡಬಳ್ಳಾಪುರದ ನಮ್ಮ ಓಣಿಯವರು ಅವನು ರಾಕೆಟ್ ಹಾರಿಸುತ್ತಾನೆಂದೇ ತಿಳಿಯುತ್ತಾರೆ. ಅವನು ಹಾರಿಸುವುದಿಲ್ಲ. ಹಾರಿದ ಮೇಲೆ ಏನೇನು ಕೆಡಬಹುದೆಂದು ಕುಳಿತು ಯೋಚಿಸುತ್ತಾನೆ. ಕೆಟ್ಟಾಗ ನೌಕೆ ಯಾರನ್ನೂ ಕೇಳದೆ ಏನು ಮಾಡಬೇಕೆಂದು ಮೊದಲೇ ಬರೆದಿಡುತ್ತಾನೆ. ಕಳೆದ ರಮಝಾನಿನ ಒಂದು ಸಂಜೆ ಇಫ್ತಾರ್ ಮುಗಿಸಿ ಕೂತಿದ್ದಾಗ ಇದನ್ನು ಕೇಳಿದ ನಮ್ಮ ದುಲ್ಹಾಭಾಯಿ, ಅಂದರೆ ಅವನ ತಂದೆ, "ಬೆಳಗಿನಿಂದ ಸಂಜೆಯವರೆಗೆ ಅಪಶಕುನ ನುಡಿಯುವುದಕ್ಕೂ ಸಂಬಳ ಕೊಡುತ್ತಾರೇನೋ?" ಎಂದುಬಿಟ್ಟರು.

ಹುಡುಗ ನಕ್ಕ. "ಅಬ್ಬಾ, ನಿಮ್ಮ ಮಗ್ಗದಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತಿತ್ತಲ್ಲ? ನಾನು ಮಾಡುವುದೂ ಅದನ್ನೇ."

ದುಲ್ಹಾಭಾಯಿ ಸುಮ್ಮನಾದರು. ಯಾಕೆ ಸುಮ್ಮನಾದರೆಂದು ನಮಗೆ ಗೊತ್ತಿತ್ತು, ಹುಡುಗನಿಗೆ ಗೊತ್ತಿರಲಿಲ್ಲ.

ನಾವು ಆಗ ಉರ್ದು ಶಾಲೆಯ ಏಳನೇ ತರಗತಿಯಲ್ಲಿದ್ದೆವು. ಶಾಲೆ ಬಿಟ್ಟ ಮೇಲೆ ದುಲ್ಹಾಭಾಯಿ ಕೆಲಸ ಮಾಡುತ್ತಿದ್ದ ಮಗ್ಗದ ಶೆಡ್ಡಿಗೆ ಕಂಡಿಕೆ ಸುತ್ತಲು ಹೋಗುತ್ತಿದ್ದೆವು. ಪವರ್‌ಲೂಮಿನ ಒಂದು ಬದಿಯಲ್ಲಿ ಸಣ್ಣ ಕಬ್ಬಿಣದ ಫೋರ್ಕೊಂದು ಇರುತ್ತದೆ. ಲಾಳಿ ಓಡಿದಾಗ ಹೊಕ್ಕಿನ ನೂಲು ಅದಕ್ಕೆ ತಾಗಬೇಕು. ತಾಗದಿದ್ದರೆ ನೂಲು ಕಡಿದಿದೆ ಅಥವಾ ಕಂಡಿಕೆ ಮುಗಿದಿದೆ ಎಂದರ್ಥ, ಮಗ್ಗ ನಿಲ್ಲುತ್ತದೆ. ಆದರೆ ಅವರ ಮಗ್ಗದ ಫೋರ್ಕು ಸವೆದಿತ್ತು. ನೂಲು ನೆಟ್ಟಗಿದ್ದರೂ ನಿಲ್ಲಿಸುತ್ತಿತ್ತು. ಕೂಲಿ ಸೀರೆಯ ಲೆಕ್ಕದಲ್ಲಿ. ಕರೆಂಟು ಇದ್ದಷ್ಟು ಹೊತ್ತೇ ದುಡಿಮೆ. ಈದ್‌ಗೆ ಒಂದೇ ವಾರವಿತ್ತು. ಒಂದು ಸಂಜೆ ಅವರು ಬೇಸತ್ತು ಆ ಫೋರ್ಕನ್ನು ನೂಲಿನಿಂದ ಬಿಗಿದು ಕಟ್ಟಿದರು. ನೂಲು ಕಿತ್ತುಕೊಟ್ಟವರು ನಾವೇ.

ಮಗ್ಗ ನಿಲ್ಲದೆ ಓಡಿತು. ಅವರು ಪಕ್ಕದ ಮಗ್ಗದಲ್ಲಿ ಹಾಸಿನ ಎಳೆ ಸೇರಿಸುತ್ತಿದ್ದಾಗ ಈ ಮಗ್ಗದ ಕಂಡಿಕೆ ಮುಗಿಯಿತು. ಲಾಳಿ ಬರಿದೇ ಓಡಾಡಿತು. ನೋಡುವಷ್ಟರಲ್ಲಿ ಸೀರೆಯ ನಡುವೆ ಗೇಣುದ್ದ ಬರೀ ಹಾಸು, ಹೊಕ್ಕೇ ಇಲ್ಲ. ಮಾಲೀಕರು ಬರುವ ಮುನ್ನ ಕಟ್ಟು ಬಿಚ್ಚಿದ್ದಾಯಿತು. ತಪ್ಪು ಫೋರ್ಕಿನ ಮೇಲೆ ಬಿತ್ತು. ಫೋರ್ಕಿನಿಂದ, ಹಿಂದಿನ ವಾರ ಮಗ್ಗ ರಿಪೇರಿ ಮಾಡಿದ್ದ ಮುದುಕನ ಮೇಲೆ ಬಿತ್ತು. ಸೀರೆಯ ಬೆಲೆ ಅವನ ಲೆಕ್ಕದಲ್ಲಿ ಮುರಿದುಕೊಂಡರು. ಈದ್ಗಾದಲ್ಲಿ ಆತ ನಮ್ಮನ್ನು ತಬ್ಬಿ ಮುಬಾರಕ್ ಹೇಳಿದ.

ಹುಡುಗ ತನ್ನ ಮಾತು ಮುಂದುವರಿಸಿದ್ದ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರುವಾಗ ಅದರ ಸಂಕೇತ ನಮಗೆ ಮುಟ್ಟಲು ಹನ್ನೆರಡೂವರೆ ನಿಮಿಷ ಬೇಕಿತ್ತಂತೆ. ಇಲ್ಲಿಂದ ಉತ್ತರ ಹೋಗಲು ಮತ್ತೆ ಅಷ್ಟೇ. "ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಮಾಮೂ. ಅದಕ್ಕೇ ಆದೇಶಗಳನ್ನು ದಿನಗಳ ಮೊದಲೇ ಕಳಿಸಿದ್ದರು." ಏನೂ ತೋಚದಿದ್ದಾಗ ನೌಕೆ ಬೇಡದ್ದನ್ನೆಲ್ಲ ಆರಿಸಿ, ಸೌರಫಲಕವನ್ನು ಸೂರ್ಯನತ್ತ ತಿರುಗಿಸಿ, ಭೂಮಿಯ ಕರೆಗಾಗಿ ಕಾಯುತ್ತದೆ. ಸೇಫ್ ಮೋಡ್ ಎನ್ನುತ್ತಾರೆ. ಕಷ್ಟ ಅದಲ್ಲ, ಸುಳ್ಳು ಹೇಳುವ ಸೆನ್ಸರನ್ನು ಗುರುತಿಸುವುದು ಕಷ್ಟ ಎಂದ. 2009ರಲ್ಲಿ ಚಂದ್ರಯಾನ-1ರ ನಕ್ಷತ್ರ ನೋಡಿ ದಿಕ್ಕು ಹಿಡಿಯುವ ಸೆನ್ಸರುಗಳು ಕೆಟ್ಟಾಗ ಗೈರೋಸ್ಕೋಪುಗಳನ್ನು ನಂಬಿ ಕೆಲಸ ಸಾಗಿಸಿದ್ದರಂತೆ.

ಚಂದ್ರಯಾನ-2ರ ವಿಕ್ರಮ್ 2019ರ ಸೆಪ್ಟೆಂಬರ್ 7ರ ನಡುರಾತ್ರಿ ಕೈತಪ್ಪಿದ್ದನ್ನು ನಾವು ಇದೇ ಮನೆಯ ಟಿವಿಯಲ್ಲಿ ನೋಡಿದ್ದೆವು. ಎಂಜಿನ್‌ಗಳು ಬೇಕಾದುದಕ್ಕಿಂತ ಹೆಚ್ಚು ತಳ್ಳಿದ್ದವು. ಇಳಿಯಬೇಕಾದ ಜಾಗ ಕೇವಲ 500 ಮೀಟರ್ ಉದ್ದಗಲ. ತಪ್ಪುಗಳು ಒಂದರ ಮೇಲೊಂದು ಸೇರಿದವು. ಮುಂದಿನ ಸಲ ಹೇಗೆ ಗೆಲ್ಲುತ್ತೇವೆ ಎಂದಲ್ಲ, ಏನೇನು ಸೋಲಬಹುದು ಎಂದು ಯೋಚಿಸಿ ವಿನ್ಯಾಸ ಮಾಡಿದೆವು ಎಂದು ಇಸ್ರೋದ ಆಗಿನ ಅಧ್ಯಕ್ಷ ಸೋಮನಾಥ್ ಹೇಳಿದ್ದರು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು, ಇಳಿಯುವ ಜಾಗ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲವಾಯಿತು. ನಾಲ್ಕು ಎಂಜಿನ್‌ಗಳಲ್ಲಿ ಎರಡು ಕೈಕೊಟ್ಟರೂ ಇಳಿಯಬೇಕೆಂಬುದು ಲೆಕ್ಕ. 2023ರ ಆಗಸ್ಟ್ 23ರ ಸಂಜೆ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಎಲ್ಲರೂ ಪರದೆ ನೋಡುತ್ತ ಕುಳಿತರು. ಚಂದ್ರಯಾನ-3ರ ವಿಕ್ರಮ್ ಕೊನೆಯ ನಿರ್ಧಾರಗಳನ್ನೆಲ್ಲ ತಾನೇ ಮಾಡಿಕೊಂಡು 6 ಗಂಟೆ 4 ನಿಮಿಷಕ್ಕೆ ಇಳಿಯಿತು.

ಒಂಟೆಯನ್ನು ಕಟ್ಟುವ ಹದೀಸು ಯಾರಿಗೆ ಗೊತ್ತಿಲ್ಲ? ಆದರೂ ನಮ್ಮ ಮನೆಗಳಲ್ಲಿ "ಹೀಗಾದರೆ?" ಎಂದು ಕೇಳಿದವನ ಬಾಯಿಯನ್ನೇ ಮೊದಲು ಮುಚ್ಚಿಸುತ್ತೇವೆ.

ಹುಡುಗನಿಗೆ ನಾವು ಕಲಾಂ ಸಾಹೇಬರ ಕಥೆ ಹೇಳಿದೆವು. ಅವರೇ ಇದನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಎಸ್‌ಎಲ್‌ವಿ-3ರ ಉಡಾವಣೆ. ಕೊನೆಯ ಕ್ಷಣದಲ್ಲಿ ಕಂಪ್ಯೂಟರ್ ಬೇಡವೆಂದು ತಡೆಯಿತು. ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಕಂಡಿತ್ತು. ಇಂಧನ ಸಾಕಷ್ಟಿದೆ, ಹೋಗಲಿ ಎಂದರು ತಜ್ಞರು. ಯೋಜನೆಯ ನಿರ್ದೇಶಕರಾಗಿದ್ದ ಕಲಾಂ ಕಂಪ್ಯೂಟರಿನ ಮಾತು ಬದಿಗಿಟ್ಟು ಉಡಾಯಿಸಿದರು. ಎರಡನೇ ಹಂತ ಹಿಡಿತ ತಪ್ಪಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಕೂತು ಸೋಲನ್ನು ತಲೆಯ ಮೇಲೆ ಹೊತ್ತವರು ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಗೆದ್ದಾಗ ಮಾತ್ರ, ಹೋಗಿ ನೀವು ಮಾತನಾಡಿ ಎಂದು ಕಲಾಂ ಅವರನ್ನು ಕಳಿಸಿದರು.

ದುಲ್ಹಾಭಾಯಿ ಏನೂ ಹೇಳದೆ ತರಾವೀಹ್‌ಗೆ ಎದ್ದು ಹೋದರು. ತಿರುಗಿ ಬಂದವರು ಟೋಪಿ ತೆಗೆಯದೆಯೇ ಮಗನ ಎದುರು ಕುಳಿತರು. "ನಾನೊಮ್ಮೆ ಆ ಫೋರ್ಕನ್ನು ಕಟ್ಟಿಹಾಕಿದ್ದೆ" ಎಂದರು. ಎಲ್ಲ ಹೇಳಿದರು, ಮುದುಕನ ವಿಷಯವನ್ನೂ. ಆತ ತೀರಿಕೊಂಡು ಹತ್ತು ವರ್ಷವೇ ಆಗಿದೆ. ನೂಲು ಕೊಟ್ಟದ್ದು ನಾವು ಎಂದು ಅವರು ಹೇಳಲಿಲ್ಲ. ನಾವೇ ಹೇಳಿದೆವು.

ಆಪಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ:

"ದಿನಕ್ಕೆ ಎಷ್ಟು ಸಲ ಸುಮ್ಮಸುಮ್ಮನೆ ನಿಲ್ಲುತ್ತಿತ್ತು ಅಬ್ಬಾ?"

ದುಲ್ಹಾಭಾಯಿ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು.