ಒಂದು ಚೆಂಡು ಮಲ್ಲಿಗೆ

ಪುತ್ತೂರಿನವರಾದ ನಮಗೆ ಮಂಗಳೂರೆಂದರೆ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣ, ಸೆಂಟ್ರಲ್ ಮಾರ್ಕೆಟ್ಟು, ರಥಬೀದಿ, ಹಂಪನಕಟ್ಟೆ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದು ಹಿರಿಯರು ಹೇಳುವುದುಂಟು. ಅಮ್ಮನಿಗೆ ಅಲ್ಲಿ ಚೌಕಾಸಿ ಮಾಡುವುದೇ ಒಂದು ಹಬ್ಬ. ಕೊನೆಗೆ ಮಲ್ಲಿಗೆ. ನಮ್ಮ ಕಡೆ ಅದನ್ನು ಮೊಳದಲ್ಲಿ ಅಳೆಯುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿದ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಮ್ಮ ಒಂದು ಚೆಂಡಿಗೇ ಕಾಲು ಗಂಟೆ ಜಗಳಾಡುತ್ತಿದ್ದಳು.

ಅಪ್ಪ ಹೋದ ಮೇಲೆ ಅವಳು ಹೂವಿನ ಸಾಲಿನತ್ತ ತಿರುಗಲಿಲ್ಲ. 2020ರಲ್ಲಿ ಕೊರೊನಾ ಬಂದು ಮಾರ್ಕೆಟ್ಟೂ ಮುಚ್ಚಿತು. ಆಮೇಲೆ ಆ ಹಳೆಯ ಕಟ್ಟಡವೂ ಹೋಯಿತು.

ಹೋದ ವರ್ಷ ಕನ್ನಡಕ ಮಾಡಿಸಲು ಅವಳನ್ನು ಕರೆದುಕೊಂಡು ಹೋಗಿದ್ದೆ. ಹಂಪನಕಟ್ಟೆಯಲ್ಲಿ ಹೂವಿನ ಹೆಂಗಸು, "ಏತ್ ಬೋಡು ಅಮ್ಮಾ?" ಎಂದಳು, ಅಮ್ಮನ ಮುಖ ನೋಡಿಯೇ. ನಾನು ಗಡಿಬಿಡಿಯಲ್ಲಿ, "ದೇವರಿಗೆ, ಒಂದು ಚೆಂಡು ಸಾಕು" ಎಂದುಬಿಟ್ಟೆ. ಯಾರೂ ಕೇಳದ ಆ ವಿವರಣೆ ನನಗೇಕೆ ಬೇಕಿತ್ತೋ! ಅಮ್ಮ ಏನೂ ಹೇಳಲಿಲ್ಲ. ಹತ್ತು ರೂಪಾಯಿ ಮಾತ್ರ ಇಳಿಸಿದಳು.

ಬಸ್ಸು ಬಿ.ಸಿ. ರೋಡು ದಾಟುವಾಗ ಬಾಳೆಯೆಲೆಯ ಕಟ್ಟು ಅವಳ ಮಡಿಲಲ್ಲಿ ಬಿಚ್ಚಿತ್ತು. ಬೆರಳುದ್ದದ ತುಂಡೊಂದು ಸೆರಗಿನ ಮರೆಯಲ್ಲಿ, ಅವಳ ಬಿಳಿ ತುರುಬಿನಲ್ಲಿ. ನಾನು ಕಿಟಕಿಯಾಚೆ ನೇತ್ರಾವತಿಯನ್ನು ನೋಡುತ್ತ ಕುಳಿತೆ.